ಹೆಣ ಹೋಗುವಾಗ ನಿಲ್ಲದ ಮಗ್ಗ

ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಸಾವಿನ ಸುದ್ದಿಯನ್ನು ಯಾರೂ ಬಂದು ಹೇಳಬೇಕಾಗಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮನೆಮನೆಯಿಂದ ಬರುವ ಮಗ್ಗದ ಬಡಿತಕ್ಕೆ ಇಲ್ಲಿ ಹುಟ್ಟಿದವರ ಕಿವಿ ಹೊಂದಿಕೊಂಡುಬಿಟ್ಟಿರುತ್ತದೆ. ಅದು ನಿಂತಾಗಲೇ ನಮಗೆ ಕೇಳಿಸುವುದು. ಮೊದಲು ದೂರದ ತಮಟೆ. ಆಮೇಲೆ ಮೇಲಿನ ಬೀದಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾಗುತ್ತವೆ, ಆಮೇಲೆ ನಮ್ಮವು. ಚಟ್ಟ ನಮ್ಮ ಬೀದಿ ಇಳಿದು, ಕೆಳಗಿನ ಬೀದಿಯ ಮೂಲೆಯಲ್ಲಿ ಭುಜ ಬದಲಿಸಿಕೊಂಡು, ಸುಡುಗಾಡಿನ ದಾರಿ ಹಿಡಿದ ಮೇಲೆ ಅದೇ ಕ್ರಮದಲ್ಲಿ ಸದ್ದು ಮರಳುತ್ತದೆ.

ಕಟ್ಟಳೆ ಸರಳ. ನೇಕಾರ ಮಗ್ಗದಡಿ ಕಾಲು ಇಳಿಬಿಟ್ಟು ಕೂರುವ ಗುಣಿಯಿಂದ ಎದ್ದು ಬರಬೇಕಾಗಿಲ್ಲ. ಕಾಲಡಿಯ ಪಟ್ಟಿಯಿಂದ ಪಾದ ತೆಗೆಯಬೇಕು, ಲಾಳಿಯನ್ನು ಎಲ್ಲಿದೆಯೋ ಅಲ್ಲೇ ಬಿಡಬೇಕು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಏನನ್ನೂ ಮುಟ್ಟಬಾರದು. ತುಂಡಾದ ಎಳೆ ಮೂಗಿನೆದುರೇ ನೇತಾಡುತ್ತಿದ್ದರೂ ಗಂಟು ಹಾಕಬಾರದು.

"ಯಾಕೆ, ನಾಯ್ನ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ನಮ್ಮ ಮನೆಯಲ್ಲಿ ಅಪ್ಪನಿಗೆ ತೆಲುಗಿನ ನಾಯ್ನ, ಅಮ್ಮನಿಗೆ ಕನ್ನಡದ ಅವ್ವ, ಮಗಳಾದ ನನಗೆ ಪಾಪ. ಗಡಿಯ ಊರಿನಲ್ಲಿ ಇದು ಯಾರಿಗೂ ವಿಚಿತ್ರವಲ್ಲ. "ಹಂಗೇ, ಪಾಪ" ಅಂದಿದ್ದ ನಾಯ್ನ. ಹಂಗೇ ಅನ್ನುವುದು ಉತ್ತರವಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಆ ಅನ್ನಿಸಿಕೆಯನ್ನು ಚಳ್ಳಕೆರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಮೇಷ್ಟ್ರು ಸಾಣೆ ಹಿಡಿದರು. ಅವರ ಮೊದಲ ಪಾಠ ನನಗಿನ್ನೂ ನೆನಪಿದೆ. ಬದಲಾವಣೆ ಬೇಕು ಅನ್ನುವವನೇ ಸಾಬೀತು ಮಾಡಬೇಕು; ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡು ಕೂತರೆ ಗೆಲ್ಲುವುದು ಈಗಾಗಲೇ ನಡೆದುಕೊಂಡು ಬಂದದ್ದು. ನ್ಯಾಯವಾ ಇದು, ಎಂದು ಜಗಳ ಆಡಿದ್ದೆ. ಒಂದು ಮಾತೂ ಆಡದೆ ಗೆಲ್ಲುವವರನ್ನು ಕಂಡರೆ ನನಗೆ ಇವತ್ತಿಗೂ ಅನುಮಾನ. ಈಗ ನಾನು ಅದೇ ಚಳ್ಳಕೆರೆಯ ಇನ್ನೊಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ನಡುದಾರಿಯ ತಳಕು ಊರಿನಲ್ಲಿ ಇಳಿದು ಹತ್ತುವ ಜನರ ಮೊಣಕೈ ತಿವಿಸಿಕೊಂಡು ಹೋಗಿ, ಸಂಜೆ ಹಾಗೇ ಮರಳುವುದು. ಕೆಟ್ಟ ಯಂತ್ರದ ಮುಂದೆ ಕೂತು ಅದು ಯಾಕೆ ಹೀಗೆ ಎಂದು ಕೇಳುವುದು ನನ್ನ ಕೆಲಸ. ಯಂತ್ರ ಹಂಗೇ ಅನ್ನುವುದಿಲ್ಲ, ಅಷ್ಟರಮಟ್ಟಿಗೆ ಅದು ಮನುಷ್ಯರಿಗಿಂತ ವಾಸಿ ಎಂದು ನಂಬಿದ್ದೆ.

ನಾಯ್ನನ ಮೊಣಕಾಲು ಸವೆದು ಹೋಗಿತ್ತು. ಚಿತ್ರ ಮೂಡಿಸುವ ಜಕಾರ್ಡಿನ ಮಗ್ಗದಲ್ಲಿ ಪ್ರತಿ ಎಳೆಗೂ ಮೇಲಿನ ಭಾರವನ್ನೆಲ್ಲ ಕಾಲಿನಿಂದ ತುಳಿದು ಎತ್ತಬೇಕು, ಹುಡುಗನಾಗಿದ್ದಾಗಿನಿಂದ ಎತ್ತಿದ್ದ. ಇನ್ನಾಗದು ಎಂದು ಮಗ್ಗ ಬಿಟ್ಟು ಕೂತಾಗ, ನಮಗೆ ರೇಷ್ಮೆಯನ್ನೂ ಜರಿಯನ್ನೂ ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರರು ಒಂದು ಪೆಟ್ಟಿಗೆ ತಂದರು. ಹಳೆಯ ಜಕಾರ್ಡಿನ ಜಾಗದಲ್ಲಿ, ಮಗ್ಗದ ತಲೆಯ ಮೇಲೆ ಕೂರುವ ಕರೆಂಟಿನ ಪೆಟ್ಟಿಗೆ. ಅದರಿಂದ ಒಂದು ವೈರು ಇಳಿದು ಗೂಡಿನಲ್ಲಿಟ್ಟ ಲ್ಯಾಪ್‌ಟಾಪಿಗೆ ಸೇರುತ್ತಿತ್ತು. ಸೆರಗಿನಲ್ಲಿ ಮೂಡಬೇಕಾದ ನವಿಲಿನ ಚಿತ್ರ ಲ್ಯಾಪ್‌ಟಾಪಿನಲ್ಲಿ ಸಾಲುಸಾಲಾಗಿ ಇರುತ್ತದೆ. ನಾಯ್ನ ಕಾಲಡಿಯ ಪಟ್ಟಿಯನ್ನು ಹಗುರಾಗಿ ಒತ್ತಿದರೆ ಸಾಕು, ಮುಂದಿನ ಸಾಲಿಗೆ ಯಾವ ಎಳೆ ಏಳಬೇಕೋ ಪೆಟ್ಟಿಗೆ ಎತ್ತಿಕೊಡುತ್ತದೆ. ಊಟಕ್ಕೋ ಚಹಕ್ಕೋ ಏಳುವಾಗ ಲ್ಯಾಪ್‌ಟಾಪಿನ ಒಂದು ಕೀಲಿ ಒತ್ತಿ ನಿಲ್ಲಿಸಬೇಕು, ಬಂದ ಮೇಲೆ ಒತ್ತಿ ಶುರು ಮಾಡಬೇಕು. ಅದನ್ನೂ ಕಲಿತ. ಬೀದಿಯಲ್ಲಿ ಅಂಥ ಪೆಟ್ಟಿಗೆ ನಮ್ಮದೊಂದೇ. ಪೆಟ್ಟಿಗೆ ಹೋದರೆ ನಾಯ್ನನ ನೇಯ್ಗೆಯೂ ಹೋಯಿತು ಎಂಬುದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು.

ಪೆಟ್ಟಿಗೆಯಿಂದ ಕೆಲಸ ಕಳೆದುಕೊಂಡವನು ಒಬ್ಬನಿದ್ದ. ಕೆಳಗಿನ ಬೀದಿಯ ಮೂಲೆಮನೆಯ ಮಾವ. ರಕ್ತಸಂಬಂಧವಲ್ಲ, ನಾಯ್ನನ ಚಿಕ್ಕಂದಿನ ಗೆಳೆಯ. ಹಳೆಯ ಜಕಾರ್ಡಿಗೆ ದಪ್ಪ ಕಾಗದದ ಕಾರ್ಡುಗಳಲ್ಲಿ ಚಿತ್ರಕ್ಕೆ ತಕ್ಕ ತೂತು ಕೊರೆದು, ಹೊಲಿದು, ಮಾಲೆ ಮಾಡಿ ಕೊಡುತ್ತಿದ್ದವನು. ನಮ್ಮ ಮಗ್ಗದ ಕಾರ್ಡೆಲ್ಲ ಅವನದೇ. ಪೆಟ್ಟಿಗೆ ಬಂದ ದಿನ ಅವನೇ ಮೊದಲು ನೋಡಲು ಬಂದು, ಸುತ್ತ ತಿರುಗಿ ನೋಡಿ, "ಇದಕ್ಕೆ ತೂತೇ ಇಲ್ವಲ್ಲಲೇ, ಉಸಿರೆಲ್ಲಿಂದ ಆಡ್ತೈತೆ?" ಅಂದ. ನಾಯ್ನ ನಕ್ಕ. ಇಬ್ಬರೂ ಚಹ ಕುಡಿದರು. ಮಾವ ಒಳಗೊಳಗೆ ನೊಂದಿದ್ದನೋ ಏನೋ, ತೋರಿಸಿಕೊಳ್ಳಲಿಲ್ಲ. ಬೀದಿಯವರು ಅವನ ಪರವಾಗಿ ನೊಂದುಕೊಂಡರು, ಅದು ಆಮೇಲೆ ಲೆಕ್ಕಕ್ಕೆ ಬಂತು.

ಮೊದಲ ಸಲ ನವಿಲಿನ ಕತ್ತು ಮುರಿದದ್ದು ಮೇಲಿನ ಬೀದಿಯ ಒಬ್ಬ ಮುದುಕಿ ಸತ್ತ ವಾರ. ಜರಿಯ ಸೀರೆಯನ್ನು ನಾವು ಬೋರಲಾಗಿ ನೇಯುತ್ತೇವೆ. ಮುಖ ನೆಲದ ಕಡೆ, ಬೆನ್ನು ನೇಕಾರನ ಕಡೆ. ತಪ್ಪು ಕಾಣುವುದು ಸುತ್ತಿದ್ದನ್ನು ಬಿಚ್ಚಿದಾಗ. ಸೆರಗಿನ ನವಿಲಿಗೆ ಕತ್ತಿನ ನಡುವೆ ಕೆಲವು ಸಾಲು ಇರಲೇ ಇಲ್ಲ. ಯಾರೋ ತಲೆ ಕಡಿದು ಪಕ್ಕಕ್ಕೆ ಜರುಗಿಸಿ ಅಂಟಿಸಿದ ಹಾಗಿತ್ತು. ಎಳೆ ಬಿಚ್ಚಿ ಮತ್ತೆ ನೇಯಬಹುದು ಅನ್ನುತ್ತೀರಿ. ರೇಷ್ಮೆ ತಡೆದೀತು, ಜರಿ ತಡೆಯುವುದಿಲ್ಲ, ಮಂಕಾಗುತ್ತದೆ.

ಎರಡನೆಯ ಸಲ ಮುರಿದಾಗಲೂ ಆಸುಪಾಸಿನಲ್ಲೊಂದು ಸಾವಾಗಿತ್ತು. ಮಾವ ನಮ್ಮ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ, "ಲೇ, ಹೋಗೋರೆಲ್ಲ ನಿನ್ನ ನವಿಲಿನ ಕತ್ತಿಗೇ ಕೈ ಹಾಕ್ತಾ ಅವ್ರಲ್ಲೋ. ನಾನು ಹೋಗೋವಾಗ ನೋಡ್ತಿರು, ಪೂರ್ತಿ ನವಿಲೇ ಎತ್ಕೊಂಡು ಹೋಗ್ತೀನಿ" ಅಂದ.

ಅವ್ವ ಅವನನ್ನು ಗದರಿದಳು. ನಾಯ್ನ ನಗಲಿಲ್ಲ. ನಾನು ಮಾವನ ಜೊತೆ ವಾದಕ್ಕಿಳಿದೆ: ಸಾವಿಲ್ಲದ ದಿನ ಸರಿಯಾಗಿ ನೇಯ್ದ ನವಿಲನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಸಾವಿನ ದಿನದ್ದು ಮಾತ್ರ ನೆನಪಿರುತ್ತದೆ, ಹೀಗೆ ಬೇಕಾದ್ದನ್ನಷ್ಟೇ ಆರಿಸಿಕೊಂಡರೆ ಬೆಕ್ಕು ಅಡ್ಡ ಬಂದದ್ದಕ್ಕೂ ಕತ್ತು ಮುರಿಯಿತು ಅನ್ನಬಹುದು. ಚೆನ್ನಾಗಿಯೇ ವಾದಿಸಿದೆ. ಮಾವ ಚಪ್ಪಾಳೆ ತಟ್ಟಿ, ನಾಯ್ನನ ಕಡೆ ತಿರುಗಿ, ಮಗಳಿಗೆ ಕಪ್ಪು ಕೋಟು ಹೊಲಿಸು ಅಂದ.

ಆಮೇಲೆ ನಾನೇ ಪೆಟ್ಟಿಗೆಯ ಪರೀಕ್ಷೆಗೆ ಕೂತೆ. ವೈರು ನೋಡಿದೆ, ಚಿತ್ರದ ಫೈಲು ನೋಡಿದೆ, ನಾಯ್ನನನ್ನು ಕೂರಿಸಿ ಎಡೆಬಿಡದೆ ಒತ್ತಿಸಿದೆ. ಒಂದು ಸಾಲೂ ತಪ್ಪಲಿಲ್ಲ. ಪೆಟ್ಟಿಗೆ ಮಾರಿದವರಿಗೆ ಫೋನು ಮಾಡಿದರೆ, ಮಷೀನು ಸರಿಯಿದೆ, ನೇಯುವವರನ್ನು ನೋಡಿ ಅಂದರು. ನಾನು ನೋಡುವಷ್ಟು ಹೊತ್ತು ಅದು ಕೆಲಸದಲ್ಲೇ ಇರುತ್ತಿತ್ತಲ್ಲ, ತಪ್ಪು ಹೇಗೆ ಸಿಕ್ಕೀತು ಎಂಬುದು ನನಗೆ ಹೊಳೆಯಲಿಲ್ಲ.

ಇನ್ನೊಂದು ಸಾವಿನ ವಾರ ಮೂರನೆಯ ಸಲ ಮುರಿದ ಮೇಲೆ ಸಾಹುಕಾರರು ಮನೆಗೇ ಬಂದರು. ಒಳ್ಳೆಯ ಮನುಷ್ಯರು. ಕೆಟ್ಟವರಾಗಿದ್ದರೆ ನನಗೆ ವಾದ ಸುಲಭವಾಗುತ್ತಿತ್ತು. ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ನಾಯ್ನನನ್ನು ಬಿಟ್ಟು ನನ್ನ ಕಡೆ ತಿರುಗಿ ಹೇಳಿದರು:

"ಕಣ್ಣಾದ್ರೂ ಹೋಗೈತೆ, ಮನಸ್ಸಾದ್ರೂ ಹೋಗೈತಮ್ಮ. ಎರಡ್ರಾಗೆ ಒಂದು."

"ಕಣ್ಣು ಹೋಗಿದ್ರೆ ಅಂಚೂ ಕೆಡ್ಬೇಕಿತ್ತಲ್ರಿ ಸಾವ್ಕಾರ್ರೆ. ಅಂಚು ಕೈಲಿ ನೇಯೋದು, ನೋಡ್ರಿ, ಎಲ್ಲಾದ್ರೂ ಬಿಟ್ಟೈತಾ? ತಪ್ಪು ಪೆಟ್ಟಿಗೇದು."

"ಪೆಟ್ಟಿಗೇದು ಅಂತ ತೋರ್ಸು. ನಾನೇ ಹೊತ್ಕೊಂಡು ಹೋಗಿ ಅವ್ರ ಮಕದ ಮೇಲೆ ಒಗೀತೀನಿ."

ತೋರಿಸಲು ನನ್ನ ಹತ್ತಿರ ಏನಿತ್ತು? ಅವರೇ ಮುಂದುವರಿಸಿದರು. ಈಗ ಮಗ್ಗದ ಮೇಲಿರುವುದು ಮದುವೆಯ ಸೀರೆ, ಹೆಣ್ಣಿನ ಕಡೆಯವರು ಕಾಯುತ್ತಿದ್ದಾರೆ, ಇದರಲ್ಲೂ ಕತ್ತು ಮುರಿದರೆ ಪೆಟ್ಟಿಗೆ ಬಿಚ್ಚಿಕೊಂಡು ಹೋಗಿ ಬೇರೆಯವರ ಮಗ್ಗಕ್ಕೆ ಕಟ್ಟಬೇಕಾಗುತ್ತದೆ. ನಾಯ್ನ ಸುಮ್ಮನೆ ಕೂರುವುದು ಬೇಡ, ಕುದಾಪುರದ ಕಡೆ ದೊಡ್ಡ ದೊಡ್ಡ ಕಾಂಪೌಂಡುಗಳಾಗಿವೆ, ಗೇಟಿನಲ್ಲಿ ಕೂರುವ ವಾಚ್‌ಮನ್ ಕೆಲಸ ಕೊಡಿಸಲು ತಮಗೆ ಗೊತ್ತಿರುವವರಿದ್ದಾರೆ. "ಕುರ್ಚಿ ಕೊಡ್ತಾರೆ. ಕಾಲಿಗೂ ಒಳ್ಳೇದು" ಅಂದರು. ನಾಯ್ನ ಅವರನ್ನು ಬಾಗಿಲವರೆಗೆ ಕಳಿಸಿಬಂದು ಗುಣಿಗೆ ಇಳಿದ. ಕುರ್ಚಿಯಲ್ಲಿ ಕೂತ ನಾಯ್ನನನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವನ ಬೆನ್ನು ಗುಣಿಯ ಅಂಚಿಗೆ ಒಗ್ಗಿದ್ದು.

ಮದುವೆಯ ಸೀರೆ ಸೆರಗಿಗೆ ಬಂದಿತ್ತು. ಮಾವ ಸತ್ತುಹೋದ.

ಕಾಯಿಲೆ ಬೀಳಲಿಲ್ಲ. ಬೆಳಿಗ್ಗೆ ಹಲ್ಲುಜ್ಜಲು ಹೋದವನು ಹಿತ್ತಲಲ್ಲೇ ಕುಸಿದಿದ್ದ. ಭಾನುವಾರವಾದ್ದರಿಂದ ನಾನು ಮನೆಯಲ್ಲಿದ್ದೆ. ನಾಯ್ನ ಕುಂಟುತ್ತ ಕೆಳಗಿನ ಬೀದಿಗೆ ಹೋಗಿ, ಹೆಣದ ಪಕ್ಕ ಕೂತು, ಹಾರ ಹಾಕಿ ಬಂದ. ಅವನ ಮೊಣಕಾಲಿಗೆ ಸುಡುಗಾಡು ದೂರ, ಅದನ್ನು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಸಂಜೆ ಸಾಹುಕಾರರು ಸೀರೆಗೆ ಬರುವವರಿದ್ದರು. ಮಧ್ಯಾಹ್ನ ನಾಯ್ನ ಗುಣಿಗೆ ಇಳಿದದ್ದನ್ನೂ ಬೀದಿ ತಪ್ಪು ತಿಳಿಯಲಿಲ್ಲ. ಎಲ್ಲರ ಮನೆಯಲ್ಲೂ ಮಗ್ಗ ಆಡುತ್ತಿತ್ತು, ನೇಕಾರರ ಊರಿನಲ್ಲಿ ಪ್ರತಿ ಸಾವಿಗೂ ದಿನವಿಡೀ ಕೈಕಟ್ಟಿ ಕೂರಲಾಗದು. ಆ ಸ್ವಲ್ಪ ಹೊತ್ತು ನಿಲ್ಲಿಸಬೇಕು, ಅಷ್ಟೇ ಸಾಕು.

ಮಾವನ ಮನೆ ಸುಡುಗಾಡಿನ ದಾರಿಯ ಮೂಲೆಯಲ್ಲೇ ಇದ್ದರೂ ಚಟ್ಟವನ್ನು ಮೇಲಿನ ದೇವಸ್ಥಾನದವರೆಗೆ ತಂದು, ತಿರುಗಿಸಿ, ನಮ್ಮ ಬೀದಿಯಿಂದಲೇ ಇಳಿಸುವುದು ಪದ್ಧತಿ. ತಮಟೆ ಕೇಳಿಸಿತು. ಮೇಲಿನ ಮಗ್ಗಗಳು ಸುಮ್ಮನಾದವು. ಎಡಮನೆ ಸುಮ್ಮನಾಯಿತು. ಬಲಮನೆ ಸುಮ್ಮನಾಯಿತು.

ನಮ್ಮದು ಆಡುತ್ತಲೇ ಇತ್ತು.

ಅವ್ವ ಅಡಿಗೆಮನೆಯಿಂದ ಬಂದು ಗುಣಿಯ ಪಕ್ಕ ನಿಂತಳು. ಕೇಳಿಸಿಲ್ಲವೇನೋ ಅಂದುಕೊಂಡಿದ್ದಳು ಅನ್ನಿಸುತ್ತದೆ. "ಬಂದ್ರು ನೋಡ್ರಿ, ನಿಲ್ಲಿಸ್ರಿ" ಅಂದಳು. ನಾಯ್ನ ಲಾಳಿ ತೂರಿದ, ಹಲಗೆ ಎಳೆದು ಎಳೆಯನ್ನು ಬಡಿದು ಕೂರಿಸಿದ, ಪಟ್ಟಿ ಒತ್ತಿದ. ಅವ್ವ ಅವನ ಭುಜ ಮುಟ್ಟಿದಳು. "ಏನ್ರೀ. ಅವಣ್ಣ ಹೋಗ್ತಾ ಅವ್ನೆ."

"ಗೊತ್ತು" ಅಂದ ನಾಯ್ನ, ತಲೆ ಎತ್ತಲಿಲ್ಲ.

ಬಾಗಿಲು ತೆರೆದೇ ಇತ್ತು. ನಮ್ಮ ಮನೆಯ ಮುಂದೆ ಬಂದಾಗ ತಮಟೆಯವನ ಕೈ ಒಂದು ಪೆಟ್ಟು ತಪ್ಪಿತು. ಬಡಿತದ ಮೇಲೆ ಬಡಿತ ಬಿದ್ದು ಗೊಂದಲವಾಗಿರಬೇಕು. ಹೊತ್ತವರು ಒಳಗೆ ನೋಡಿದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಪದ್ಧತಿಗಳಿಗೆ ಕಾರಣ ಕೇಳುತ್ತ ಬೆಳೆದವಳು, ಈ ಪದ್ಧತಿ ಮುರಿದದ್ದಕ್ಕೆ ನಾನು ಖುಷಿಪಡಬೇಕಿತ್ತಲ್ಲ. ಬಾಗಿಲು ಹಾಕಿಬಿಡೋಣ ಅನ್ನಿಸಿತು. ಹಾಕಿದರೂ ಸದ್ದು ಹೊರಗೆ ಹೋಗುತ್ತದೆ.

ಸಂಜೆ ಬಿಚ್ಚಿ ನೋಡಿದರೆ ನವಿಲಿಗೆ ಕತ್ತು ನೆಟ್ಟಗಿತ್ತು. ಸಾಹುಕಾರರು ಬೆರಳಲ್ಲಿ ಸವರಿ, ಮನಸ್ಸಿಟ್ಟರೆ ಆಗುತ್ತದೆ ನೋಡು ಅಂದರು. ಪೆಟ್ಟಿಗೆ ಉಳಿಯಿತು. ಅವರು ಹೋದ ಮೇಲೆ ಅವ್ವ, ಊಟ ಬಡಿಸದೆ, ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದಳು.

ನಾಯ್ನ "ಪೂರ್ತಿ ನವಿಲೇ ಎತ್ಕೊಂಡು ಹೋಗ್ತೀನಿ ಅಂದಿದ್ನಲ್ಲ" ಅಂದ.

ಅವ್ವ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎಲೆ ಅಗಿಯುತ್ತ ಆಡಿದ ತಮಾಷೆಯನ್ನು ನಂಬಿ ಗೆಳೆಯನ ಹೆಣದ ಮುಂದೆ ಮಗ್ಗ ಆಡಿಸುವುದೆಂದರೆ ಏನು? ಆದರೆ ಸಿಟ್ಟಿನ ನಡುವೆಯೇ ಒಂದು ಮಾತು ಚುಚ್ಚಿತು. ಹೆಣಕ್ಕೆ ನಿಲ್ಲಿಸಿದಾಗ ಕತ್ತು ಮುರಿದಿದೆ. ನಿಲ್ಲಿಸದೇ ಇದ್ದಾಗ ಮುರಿದಿಲ್ಲ. ಬೀದಿಯವರ ವಿವರಣೆ ಮೂಢನಂಬಿಕೆ, ಸರಿ, ಒಪ್ಪೋಣ. ವಿವರಣೆಯನ್ನು ತಿಪ್ಪೆಗೆ ಎಸೆಯುವ ಭರದಲ್ಲಿ ನಾನು ಸಂಗತಿಯನ್ನೂ ಅದರ ಜೊತೆಗೇ ಎಸೆದಿದ್ದೆ. ಸತ್ತವರು ಬೇಡ. ನಿಲ್ಲಿಸುವುದು ಬೇಕು. ಊಟಕ್ಕೂ ನಿಲ್ಲಿಸುತ್ತಾನೆ, ಆಗ ಯಾಕೆ ಮುರಿಯುವುದಿಲ್ಲ? ಊಟಕ್ಕೆ ಏಳುವಾಗ ಕೀಲಿ ಒತ್ತುತ್ತಾನೆ. ಹೆಣ ಹೋಗುವಾಗ ಏನನ್ನೂ ಮುಟ್ಟುವುದಿಲ್ಲ. ಕೈ ಮಡಿಲಲ್ಲಿ.

ಮುಂದಿನ ಭಾನುವಾರ ಮಗ್ಗದ ಮೇಲೆ ಸೀರೆ ಕತ್ತರಿಸಿ ಉಳಿದ ತುಂಡು ಹಾಸು, ಎಂದರೆ ಉದ್ದಕ್ಕೆ ಕಟ್ಟಿದ ಎಳೆಗಳು, ಇತ್ತು. ನಾಯ್ನನಿಗೆ ಹೇಳಿದೆ: ಸ್ವಲ್ಪ ನೇಯಿ, ಆಮೇಲೆ ಹೆಣ ಹೋಗುವಾಗ ಕೂರುವ ಹಾಗೆ ಕೂತುಕೋ, ಕೀಲಿ ಒತ್ತಬೇಡ.

"ವದ್ದು ಪಾಪ, ಬೇಡ."

ಅವ್ವ ಇನ್ನೂ ಸ್ಪಷ್ಟವಾಗಿ ಕೇಳಿದಳು. "ಯಾರ ಹೆಣಕ್ಕೆ ಅಂತ ಕೂರ್ತಾರವ್ವ? ಹೆಸರು ಹೇಳು."

ನಾನೇ ಗುಣಿಗೆ ಇಳಿದೆ. ನಾಯ್ನ ಗೋಡೆಯ ಕಡೆ ತಿರುಗಿ ಕೂತ. ಅವ್ವ ಹಿತ್ತಲಿಗೆ ಹೋದಳು. ನಾಲ್ಕಾರು ಸಾಲು ನೇಯ್ದು, ಪಾದ ತೆಗೆದು, ಕೈಯನ್ನು ಮಡಿಲಲ್ಲಿಟ್ಟುಕೊಂಡೆ. ಗೂಡಿನಲ್ಲಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ ಪೆಟ್ಟಿಗೆಯ ಸ್ಥಿತಿ ತೋರಿಸುವ ಸಾಲೊಂದನ್ನು ತೆರೆದಿಟ್ಟಿದ್ದೆ. ಬಹಳ ಹೊತ್ತು ಆ್ಯಕ್ಟಿವ್ ಎಂದೇ ಇತ್ತು. ತುಂಡಾದ ಎಳೆಗೆ ಗಂಟು ಹಾಕುವಷ್ಟು ಹೊತ್ತು ಕಳೆಯಿತು, ಬದಲಾಗಲಿಲ್ಲ. ಚಟ್ಟವೊಂದು ಬೀದಿ ಇಳಿದು ಭುಜ ಬದಲಿಸುವಷ್ಟು ಹೊತ್ತಾದಾಗ, ಸದ್ದಿಲ್ಲದೆ, ಸಸ್ಪೆಂಡೆಡ್ ಎಂದು ತಿರುಗಿತು.

ಪೆಟ್ಟಿಗೆ ಮಲಗಿತ್ತು.

ಕಂಪ್ಯೂಟರಿನ ತಳದಲ್ಲಿ ಕರ್ನಲ್ ಎಂಬ ತಂತ್ರಾಂಶ ಇರುತ್ತದೆ. ಅದಕ್ಕೆ ಜೋಡಿಸಿದ ಪ್ರತಿ ಸಾಧನಕ್ಕೂ ಎಷ್ಟು ವಿದ್ಯುತ್ತು, ಯಾವುದು ಎದ್ದಿರಬೇಕು, ಯಾವುದು ಮಲಗಬಹುದು ಎಂದು ತೀರ್ಮಾನಿಸುವುದು ಅದೇ. ಒಂದೊಂದು ಸಾಧನಕ್ಕೂ ಒಂದೊಂದು ಪುಟ್ಟ ಕಡತ. ಅದರಲ್ಲಿ ಒಂದೇ ಪದ. ಆನ್ ಎಂದಿದ್ದರೆ ಸದಾ ಎಚ್ಚರ. ಆಟೋ ಎಂದಿದ್ದರೆ, ಕೆಲಸವಿಲ್ಲದೆ ಇಂತಿಷ್ಟು ಹೊತ್ತು ಕಳೆದರೆ ನಿದ್ರೆ. ಯಾರೂ ಏನೂ ಹೇಳದಿದ್ದರೆ ಯಾವ ಪದ? ಅದನ್ನು ಕರ್ನಲ್ ಕಟ್ಟುವವರೇ ಮೊದಲೇ ತುಂಬಿಟ್ಟಿರುತ್ತಾರೆ, ಅದೇ ಡೀಫಾಲ್ಟ್. ಎಲ್ಲ ಕಡೆ ಒಂದೇ ಇರುವುದಿಲ್ಲ. ಎಷ್ಟೋ ಕಡೆ ಇಂಥ ಹೊರಗಿನ ಸಾಧನಗಳನ್ನು ಎಚ್ಚರವಾಗಿಯೇ ಬಿಡುತ್ತಾರೆ. ಈ ಲ್ಯಾಪ್‌ಟಾಪಿಗೆ ಕಟ್ಟಿದವರು ಬ್ಯಾಟರಿ ಉಳಿಯಲಿ ಎಂದು ಎಲ್ಲಕ್ಕೂ ಆಟೋ ತುಂಬಿದ್ದರು. ಕೆಟ್ಟ ಉದ್ದೇಶವಲ್ಲ. ಪಟ್ಟಿ ಒತ್ತಿದೊಡನೆ ಪೆಟ್ಟಿಗೆ ಏಳುತ್ತದೆ, ಆದರೆ ಎದ್ದು ಸುಧಾರಿಸಿಕೊಳ್ಳುವಷ್ಟರಲ್ಲಿ ನೇಕಾರ ಕೆಲವು ಸಾಲು ಮುಂದೆ ಹೋಗಿರುತ್ತಾನೆ. ಲ್ಯಾಪ್‌ಟಾಪು ಆ ಸಾಲುಗಳನ್ನು ಕಳಿಸಿಯಾಯಿತು ಅಂದುಕೊಂಡಿರುತ್ತದೆ, ಪೆಟ್ಟಿಗೆಗೆ ಅವು ತಲುಪಿರುವುದಿಲ್ಲ. ಊಟದ ಮೇಲೆ ಕೀಲಿ ಒತ್ತಿ ಶುರು ಮಾಡಿದಾಗಲಾದರೆ, ಪೆಟ್ಟಿಗೆ ಪೂರ್ತಿ ಏಳುವವರೆಗೆ ಕಾದೇ ಅದು ಸಾಲು ಕಳಿಸುತ್ತದೆ. ನಾನು ಪಟ್ಟಿ ಒತ್ತುತ್ತ ಹೋದೆ. ತುಂಡು ಹಾಸಿನ ಕೆಳಗೆ ಕನ್ನಡಿ ಹಿಡಿದು ನೋಡಿದಾಗ ನವಿಲಿನ ಪುಕ್ಕ ಮುರಿದಿತ್ತು.

ಕಡತದ ಪದ ಅಳಿಸಿ ಆನ್ ಎಂದು ಬರೆದೆ. ಯಂತ್ರ ಪ್ರತಿ ಸಲ ಹೊಸದಾಗಿ ಎದ್ದಾಗಲೂ ಹಾಗೇ ಇರುವಂತೆ ಕಟ್ಟಿದೆ. ಇನ್ನೊಮ್ಮೆ ಕೈ ಮಡಿಲಲ್ಲಿಟ್ಟು ಇನ್ನೂ ಹೆಚ್ಚು ಹೊತ್ತು ಕೂತೆ. ಈ ಸಲ ಒಂದು ಸಾಲೂ ತಪ್ಪಲಿಲ್ಲ.

"ಅಷ್ಟೇನಾ?" ನಾಯ್ನ ಗೋಡೆಯ ಕಡೆಯಿಂದ ತಿರುಗಿದ.

"ಅಷ್ಟೇ, ನಾಯ್ನ. ಒಂದು ಮಾತು."

ಅವನು ಕನ್ನಡಿಯಲ್ಲಿ ಮುರಿದ ಪುಕ್ಕವನ್ನೂ ನೆಟ್ಟಗಿನ ಪುಕ್ಕವನ್ನೂ ನೋಡಿದ. ತಾನು ಕುರುಡನಲ್ಲ, ಮರುಳನಲ್ಲ ಎಂದು ಸಾಬೀತಾದವನ ಮುಖದಲ್ಲಿ ಏನು ಕಾಣಬೇಕೋ ಅದು ಕಾಣಲಿಲ್ಲ. "ಅವ್ನು ಇದ್ದಾಗ ಗೊತ್ತಾಗಿದ್ರೆ" ಎಂದು ಶುರು ಮಾಡಿ, ಬಿಟ್ಟ.

ಸಾಹುಕಾರರಿಗೆ ತೋರಿಸಿದೆ. ಕೈ ಮುಗಿದು ನಾಯ್ನನ ಕ್ಷಮೆ ಕೇಳಿದರು, ನಿಜವಾಗಿಯೂ ಕೇಳಿದರು. ಅಲ್ಲಿಗೆ ನಾನು ಗೆದ್ದೆ. ಬೀದಿಯಲ್ಲಿ ಗೆಲ್ಲಲಾಗಲಿಲ್ಲ. ಬಾವಿಯ ಹತ್ತಿರ, ಅಂಗಡಿಯ ಹತ್ತಿರ ಅವ್ವ ಹೋದರೆ ಮಾತು ನಿಲ್ಲುತ್ತಿತ್ತು. ಗೆಳೆಯನ ಅನ್ನ ಕಿತ್ತುಕೊಂಡ ಪೆಟ್ಟಿಗೆಯನ್ನು ಅವನ ಹೆಣದೆದುರು ಆಡಿಸಿದವನು ಎಂದು ಬೀದಿ ತೀರ್ಮಾನಿಸಿತ್ತು. ನಾಯ್ನ ಆಮೇಲೆ ಬಂದ ಪ್ರತಿ ಚಟ್ಟಕ್ಕೂ ನಿಲ್ಲಿಸಿದ, ಎಲ್ಲರಿಗಿಂತ ಮೊದಲೇ, ತಮಟೆ ಇನ್ನೂ ಮೇಲಿನ ಬೀದಿಯಲ್ಲಿರುವಾಗಲೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ವಿವರಿಸಿದರೆ ಅರ್ಥವಾಗುತ್ತದೆ ಎಂಬ ನಂಬಿಕೆ ನನ್ನಂಥವರಿಗೆ ಸುಲಭವಾಗಿ ಹೋಗುವುದಿಲ್ಲ. ಮಾವನ ಹೆಂಡತಿಯ ಹತ್ತಿರ ಹೋದೆ. ಅತ್ತೆ ನಡುಮನೆಯಲ್ಲಿ ಒಬ್ಬಳೇ ಇದ್ದಳು. ಒಂದು ಕಾಲದಲ್ಲಿ ಅವಳೂ ನೇಯುತ್ತಿದ್ದಳು; ಕೈ ನಡುಗತೊಡಗಿದ ಮೇಲೆ ಬಿಟ್ಟಿದ್ದಳು. ಹಾಸು ಕತ್ತರಿಸಿ ತೆಗೆದ ಬರಿಯ ಮಗ್ಗ ಅಲ್ಲೇ ನಿಂತಿತ್ತು, ಅದರ ಮೇಲೆ ಟವಲು, ಲಂಗ ಒಣಹಾಕಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಪೆಟ್ಟಿಗೆಯ ನಿದ್ರೆ, ಕುದಾಪುರದ ಕುರ್ಚಿ, ಮಾವನ ತಮಾಷೆ, ನಾಯ್ನನ ಭಯ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಇಷ್ಟು ಒಳ್ಳೆಯ ಶ್ರೋತೃ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ.

"ನೀನು ಹೇಳಿದ್ದು ನಿಜಾನೇ ಇರ್ಬೋದು" ಅಂದಳು ಕೊನೆಗೆ. "ಬೇರೆ ದಿನ ಪೆಟ್ಟಿಗೆ ಮಲಗಿತ್ತು. ಆದ್ರೆ ಅವತ್ತು ಅದು ಎದ್ದಿತ್ತಲ್ಲ, ಪಾಪ. ನಿಮ್ಮ ನಾಯ್ನಾನೂ ಎದ್ದಿದ್ದ."

ಚಹ ಕುಡಿದು ಹೋಗು ಅಂದಳು. ಕುಡಿದೆ.

ಅವ್ವ ಹೋದದ್ದು ಆ ಚಳಿಗಾಲದಲ್ಲಿ. ಎದೆನೋವು ಎಂದಳು, ಬಾಡಿಗೆ ಕಾರಿನಲ್ಲಿ ಚಳ್ಳಕೆರೆಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆವು. ನಾನು ದಿನಾ ಹೋಗಿಬರುವ ಅದೇ ರಸ್ತೆ. ತಳಕಿನ ಅಂಗಡಿಗಳನ್ನು ದಾಟುವಾಗ ಅವಳ ಕೈ ನನ್ನ ಕೈಯಲ್ಲಿತ್ತು. ದಾಟಿದ ಮೇಲೂ ಇತ್ತು, ಆದರೆ ಅದು ಅವಳ ಕೈಯಾಗಿರಲಿಲ್ಲ. ಕಾರನ್ನು ಅಲ್ಲಿಂದಲೇ ತಿರುಗಿಸಿದೆವು.

ಮರುದಿನ ಚಟ್ಟ ದೇವಸ್ಥಾನದವರೆಗೆ ಹೋಗಿ ತಿರುಗಿತು. ನಾಯ್ನ ನನ್ನ ಭುಜ ಹಿಡಿದು ಹಿಂದೆ ನಡೆಯುತ್ತಿದ್ದ. ನಮ್ಮಲ್ಲಿ ಹೆಂಗಸರು ಕೆಳಗಿನ ಬೀದಿಯ ಮೂಲೆಯವರೆಗೆ ಬಂದು ಅಲ್ಲಿಂದ ಹಿಂತಿರುಗುತ್ತಾರೆ, ಅವನನ್ನು ಅಲ್ಲಿಂದ ಆಟೋದಲ್ಲಿ ಕಳಿಸುವುದೆಂದು ಮಾತಾಗಿತ್ತು. ಮೇಲಿನ ಬೀದಿಯಲ್ಲಿ ಮಗ್ಗಗಳು ನಿಂತವು. ನಮ್ಮ ಬೀದಿಗೆ ಬರುವಾಗ ನಾನು ಒಂದೊಂದು ಬಾಗಿಲಿಗೂ ಕಿವಿಗೊಟ್ಟಿದ್ದೆ. ನಿಂತವು. ಎಡಮನೆ, ಬಲಮನೆ, ಅವ್ವನ ಮುಖ ನೋಡಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಆಚೆಮನೆ, ಎಲ್ಲವೂ. ಹೆಂಗಸೊಬ್ಬಳು ಹೊಸ್ತಿಲಿಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡಳು. ನಾಯ್ನನ ಕೈ ನನ್ನ ಭುಜದ ಮೇಲೆ ಸ್ವಲ್ಪ ಸಡಿಲವಾಯಿತು.

ಕೆಳಗಿನ ಬೀದಿಯ ಮೂಲೆಯಲ್ಲಿ ಚಟ್ಟ ಇಳಿಸಿ ಭುಜ ಬದಲಿಸಿಕೊಳ್ಳುವಾಗ ತಮಟೆಯವರು ಒಂದು ಕ್ಷಣ ಕೈ ನಿಲ್ಲಿಸಿದರು. ಆಗ ಕೇಳಿಸಿತು. ಮಾವನ ಮೂಲೆಮನೆಯೊಳಗಿಂದ, ಮುಚ್ಚಿದ ಬಾಗಿಲಿನ ಹಿಂದಿನಿಂದ, ಮಗ್ಗದ ಬಡಿತ. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಬಾಗಿಲ ಕಡೆ ಹೆಜ್ಜೆ ಹಾಕಿದರು, ನಾನೂ ಹಾಕಿದೆ.

ನಾಯ್ನ ನನ್ನ ಭುಜವನ್ನು ಬಿಗಿಯಾಗಿ ಹಿಡಿದ. ತಲೆ ವಾರೆ ಮಾಡಿ, ಬೇರೆಯವರ ಮಗ್ಗದ ತಪ್ಪು ಹುಡುಕುವಾಗ ಕೇಳುವ ಹಾಗೆ, ಕಿವಿಯಿಟ್ಟು ಕೇಳಿದ.

"ಅದ್ರಾಗೆ ಹಾಸಿಲ್ಲ" ಅಂದ. "ಲಾಳೀನೂ ಇಲ್ಲ. ಬರೀ ಹಲಗೆ ಬಡೀತಾ ಅವ್ಳೆ."

ಆಮೇಲೆ ಹೊತ್ತವರ ಕಡೆ ನೋಡಿ, "ನಡೀರಿ" ಅಂದ.

ತಮಟೆ ಮತ್ತೆ ಶುರುವಾಯಿತು. ಆಟೋ ಅವನನ್ನು ಕೂರಿಸಿಕೊಂಡು ಚಟ್ಟದ ಹಿಂದೆ ಮೆಲ್ಲಗೆ ಹೊರಟಿತು. ಉಳಿದ ಹೆಂಗಸರು ಹಿಂತಿರುಗಿದರು. ನಾನು ಮೂಲೆಯಲ್ಲೇ ನಿಂತೆ. ಒಳಗೆ ಬಡಿತ ನಡೆದೇ ಇತ್ತು. ನಡುಗುವ ಕೈಯ ಬಡಿತ, ಸಮವಾಗಿರಲಿಲ್ಲ, ಆದರೂ ಬಿಡಲಿಲ್ಲ. ಚಟ್ಟ ಸುಡುಗಾಡಿನ ತಿರುವು ದಾಟಿ, ತಮಟೆ ಕೇಳದ ಹಾಗೆ ದೂರವಾದ ಮೇಲೆ ಅದು ನಿಂತಿತು.